ಪತ್ರಗಳು ಹೋದವು, ದಫ್ತರ ಉಳಿಯಿತು

ಹೊಸಪೇಟೆ, ಸಂಡೂರು, ಕಂಪ್ಲಿ ಈ ಮೂರು ಊರುಗಳಲ್ಲಿ ಶಾಖೆಗಳುಳ್ಳ ವಿದ್ಯಾಸಂಸ್ಥೆಯೊಂದು ನಮ್ಮ ಭಾಗದಲ್ಲಿದೆ. ಅದರ ಹೆಸರು ಇಲ್ಲಿ ಅನಾವಶ್ಯಕ. ಬಹುಕಾಲದಿಂದ ಆ ಸಂಸ್ಥೆಯ ಇ-ಮೇಲ್ ವ್ಯವಹಾರವೆಲ್ಲವೂ ಹೊಸಪೇಟೆಯ ಕಚೇರಿಯ ಒಂದು ಕಿರುಕೋಣೆಯಲ್ಲಿದ್ದ ಸರ್ವರ್ ಯಂತ್ರದಿಂದಲೇ ನಡೆಯುತ್ತಿದ್ದಿತು. ಯಂತ್ರಕ್ಕೆ ವಯಸ್ಸಾಯಿತು. ಬೇಸಿಗೆಯಲ್ಲಿ ಕೋಣೆ ಕಾದು ಕುಲುಮೆಯಾಗುತ್ತಿತ್ತು. ವಿದ್ಯುತ್ತು ನಿಂತಾಗಲೆಲ್ಲ ಮೂರು ಊರುಗಳ ಪತ್ರವ್ಯವಹಾರವೂ ನಿಲ್ಲುತ್ತಿತ್ತು. ಕೊನೆಗೆ ಆಡಳಿತದವರು ಎಲ್ಲರ ಅಂಚೆಪೆಟ್ಟಿಗೆಗಳನ್ನೂ ‘ಕ್ಲೌಡ್’ ಎಂದು ಕರೆಯಲಾಗುವ ದೂರದ ವ್ಯವಸ್ಥೆಗೆ ಸಾಗಿಸಿದರು. ಹಳೆಯ ಪತ್ರವೊಂದೂ ಕಳೆಯಲಿಲ್ಲ. ಸಂತೋಷದಿಂದ ಯಂತ್ರದ ಗುಂಡಿಯನ್ನು ಆರಿಸಿ, ಕೋಣೆಗೆ ಬೀಗ ಹಾಕಿದರು.

ಎರಡು ತಿಂಗಳು ಎಲ್ಲವೂ ಸರಿಯಾಗಿಯೇ ಇದ್ದಿತು. ಆಮೇಲೆ ಕಂಪ್ಲಿ ಶಾಖೆಯಲ್ಲಿ ವಿದ್ಯಾರ್ಥಿವೇತನದ ಕೆಲಸ ನೋಡುತ್ತಿದ್ದ ಗುಮಾಸ್ತರು ನಿವೃತ್ತರಾದರು. ವಿದ್ಯಾರ್ಥಿವೇತನಕ್ಕೆಂದೇ ಒಂದು ಸಾಮೂಹಿಕ ವಿಳಾಸವಿದ್ದಿತು. ಅದಕ್ಕೆ ಬಂದ ಪತ್ರಗಳು ಆ ಗುಮಾಸ್ತರ ಪೆಟ್ಟಿಗೆಗೆ ಹೋಗುತ್ತಿದ್ದವು. ಅವರ ಹೆಸರನ್ನು ತೆಗೆದು ಹೊಸಬರ ಹೆಸರನ್ನು ಸೇರಿಸಬೇಕು, ಅಷ್ಟೆ. ಆದರೆ ತೆರೆಯ ಮೇಲೆ ಹೆಸರು ಬರೆದು ಗುಂಡಿ ಒತ್ತಿದರೆ, ಈ ತಿದ್ದುಪಡಿಯನ್ನು ನಿಮ್ಮ ಆವರಣದ ವ್ಯವಸ್ಥೆಯಲ್ಲಿಯೇ ಮಾಡತಕ್ಕದ್ದು ಎಂಬ ಉತ್ತರ ಬಂದಿತು. ಮತ್ತೆ ಮತ್ತೆ ಒತ್ತಿದರೂ ಅದೇ ಉತ್ತರ. ಈ ನಡುವೆ ಇಬ್ಬರು ವಿದ್ಯಾರ್ಥಿಗಳ ಬ್ಯಾಂಕ್ ಖಾತೆಯ ಸಂಖ್ಯೆ ತಪ್ಪಾಗಿದೆ, ಇಂಥ ದಿನದೊಳಗೆ ಸರಿಪಡಿಸಿ ಎಂಬ ಸೂಚನೆಗಳು ಬಂದು, ನಿವೃತ್ತರಾದವರ ಪೆಟ್ಟಿಗೆಯಲ್ಲಿ ಯಾರೂ ಓದದೆ ಬಿದ್ದಿದ್ದವು.

ಭೌತಶಾಸ್ತ್ರ ಬೋಧಿಸುವವರಿಗೆ ಎಲ್ಲ ಯಂತ್ರಗಳ ಮರ್ಮವೂ ತಿಳಿದಿರುತ್ತದೆಂಬ ನಂಬಿಕೆ ನಮ್ಮ ಜನರಲ್ಲಿದೆ. ಆದಕಾರಣ ನಮಗೆ ಕರೆ ಬಂದಿತು. ಹೋಗಿ ನೋಡಿದಾಗ ನಮಗೂ ಮೊದಲು ಸೋಜಿಗವೇ ಆಯಿತು. ಯಂತ್ರ ಆರಿಹೋಗಿದೆ, ಪತ್ರಗಳು ಕ್ಲೌಡಿನಲ್ಲಿವೆ. ಹೀಗಿರುವಾಗ ಸತ್ತ ಯಂತ್ರದ ಅಪ್ಪಣೆಗಾಗಿ ಕಾದಿರುವವರು ಯಾರು? ಈ ಪ್ರಶ್ನೆಗೆ ಉತ್ತರ ಕಾಣಬೇಕಾದರೆ ಇ-ಮೇಲ್ ಎಂಬುದು ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ಮೊದಲಿನಿಂದಲೇ ನೋಡಬೇಕಾಗುತ್ತದೆ.

ಕಾಗದದ ಅಂಚೆಯಲ್ಲಿ ವಿಳಾಸವನ್ನು ಭಾಗ ಭಾಗವಾಗಿ ಓದುವುದನ್ನು ವಾಚಕರು ಬಲ್ಲರು. ಹೊಸಪೇಟೆಯ ಪಿನ್ ಸಂಖ್ಯೆ 583201; ಸಂಡೂರಿನದು 583119; ಕಂಪ್ಲಿಯದು 583132. ದೂರದ ಅಂಚೆಕಚೇರಿಯವರು ಮೊದಲ ಮೂರು ಅಂಕಗಳನ್ನು ಕಂಡೊಡನೆ ಚೀಲವನ್ನು ಈ ಕಡೆಗೆ ಕಳುಹಿಸುತ್ತಾರೆ. ಉಳಿದ ವಿವರವನ್ನು ಇಲ್ಲಿಯವರು ನೋಡಿಕೊಳ್ಳುತ್ತಾರೆ. ಇ-ಮೇಲ್ ವಿಳಾಸವೂ ಹೀಗೆಯೇ ಎರಡು ಭಾಗಗಳುಳ್ಳದ್ದು. ನಡುವೆ ‘ಅಟ್’ ಎಂದು ಓದುವ ಸುರುಳಿ ಚಿಹ್ನೆಯಿರುತ್ತದೆ. ಒಂದು ಯಂತ್ರದಿಂದ ಮತ್ತೊಂದು ಯಂತ್ರಕ್ಕೆ ಜಾಲದ ಮೂಲಕ ಪತ್ರ ಕಳುಹಿಸುವ ಏರ್ಪಾಡನ್ನು 1971ರಲ್ಲಿ ರಚಿಸಿದ ಅಮೆರಿಕದ ರೇ ಟಾಮ್ಲಿನ್ಸನ್ ಎಂಬಾತನು ಈ ಚಿಹ್ನೆಯನ್ನು ಆರಿಸಿಕೊಂಡನು. ಚಿಹ್ನೆಯ ಎಡಕ್ಕೆ ವ್ಯಕ್ತಿಯ ಹೆಸರು. ಬಲಕ್ಕೆ ಸಂಸ್ಥೆಯ ಹೆಸರು. ಈ ಬಲಭಾಗವನ್ನು ‘ಡೊಮೈನ್’ ಎನ್ನುವರು.

ಬೆಂಗಳೂರಿನಿಂದ ಯಾರೋ ನಮ್ಮ ಸಂಸ್ಥೆಗೆ ಪತ್ರ ಕಳುಹಿಸಿದರೆಂದು ಭಾವಿಸೋಣ. ಅವರ ಯಂತ್ರವು ಅಂತರಜಾಲದಲ್ಲಿ ಹಂಚಿಹೋಗಿರುವ ಹೆಸರುಗಳ ಕೋಶವನ್ನು ಮೊದಲು ವಿಚಾರಿಸುತ್ತದೆ: ಈ ಡೊಮೈನಿನ ಪತ್ರಗಳನ್ನು ಸ್ವೀಕರಿಸುವ ಯಂತ್ರ ಯಾವುದು? ಕೋಶವು ಹೇಳಿದ ಯಂತ್ರಕ್ಕೆ ಪತ್ರವು ಹೋಗುತ್ತದೆ. ಆದುದರಿಂದ, ಅಂಚೆಪೆಟ್ಟಿಗೆಗಳನ್ನು ಹೊಸಪೇಟೆಯಿಂದ ಕ್ಲೌಡಿಗೆ ಸಾಗಿಸಿದಾಗ ಹೊರಗಿನವರಿಗೆ ಹೊಸ ವಿಳಾಸ ತಿಳಿಸಬೇಕಾಗಿಲ್ಲ. ಕೋಶದಲ್ಲಿ ಒಂದು ಸಾಲನ್ನು ತಿದ್ದಿದರೆ ಸಾಕು. ವಿಳಾಸ ಹಳೆಯದೇ, ಪೆಟ್ಟಿಗೆ ಮಾತ್ರ ಬೇರೆಡೆ.

ಈಗ ಪತ್ರವು ಸಂಸ್ಥೆಯ ಬಾಗಿಲಿಗೆ ಬಂದಿತು. ಮುಂದೆ ಅದನ್ನು ಯಾರ ಪೆಟ್ಟಿಗೆಗೆ ಹಾಕಬೇಕು? ಇದನ್ನು ಹೇಳುವುದಕ್ಕೆ ಒಂದು ದಫ್ತರ ಬೇಕು. ಯಾವ ಯಾವ ಹೆಸರಿನ ನೌಕರರು ಇದ್ದಾರೆ, ಅವರ ವಿಳಾಸಗಳು ಯಾವುವು, ಯಾವ ಸಾಮೂಹಿಕ ವಿಳಾಸದಲ್ಲಿ ಯಾರು ಯಾರು ಸೇರಿದ್ದಾರೆ ಎಂಬ ವಿವರಗಳೆಲ್ಲ ಅದರಲ್ಲಿ ಇರುತ್ತವೆ. ಹೀಗೆ, ಕಣ್ಣಿಗೆ ಒಂದಾಗಿ ಕಾಣುವ ಸರ್ವರಿನಲ್ಲಿ ವಾಸ್ತವವಾಗಿ ಎರಡು ಬೇರೆ ಬೇರೆ ವಸ್ತುಗಳಿವೆ: ಒಂದು ಪತ್ರಗಳ ಭಂಡಾರ, ಮತ್ತೊಂದು ಹೆಸರುಗಳ ದಫ್ತರ. ನಮ್ಮ ಕಥೆಯ ಗಂಟು ಇರುವುದು ಇಲ್ಲಿಯೇ.

ಭಂಡಾರವನ್ನು ಬೇರೆಡೆಗೆ ಒಯ್ಯಲು ಬಲವಾದ ಕಾರಣಗಳಿವೆಯೆಂಬುದನ್ನು ಅಲ್ಲಗಳೆಯುವಂತಿಲ್ಲ. ಸ್ವಂತ ಯಂತ್ರವನ್ನು ಕಾಯುವುದು ಸುಲಭವಲ್ಲ. 2021ರ ಮಾರ್ಚ್ ತಿಂಗಳಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ‘ಎಕ್ಸ್‌ಚೇಂಜ್’ ಎಂಬ ಅಂಚೆ ಸರ್ವರಿನಲ್ಲಿ ನಾಲ್ಕು ದೌರ್ಬಲ್ಯಗಳಿರುವುದು ಬೆಳಕಿಗೆ ಬಂದಿತು. ಅವನ್ನು ಬಳಸಿ ಕಳ್ಳರು ಜಗತ್ತಿನಾದ್ಯಂತ ಅಸಂಖ್ಯ ಕಚೇರಿಗಳ ಯಂತ್ರಗಳೊಳಗೆ ನುಗ್ಗಿದರು. ಕ್ಲೌಡಿನಲ್ಲಿದ್ದ ಪೆಟ್ಟಿಗೆಗಳಿಗೆ ಈ ಪೆಟ್ಟು ತಗಲಲಿಲ್ಲ. ಮುಂದೆ 2025ರ ಅಕ್ಟೋಬರ್ 14ರಂದು ಆ ಸರ್ವರಿನ 2016 ಮತ್ತು 2019ರ ಆವೃತ್ತಿಗಳಿಗೆ ತಯಾರಕರ ಆಸರೆಯೂ ನಿಂತಿತು. ಆಸರೆಯಿಲ್ಲದ ಯಂತ್ರವು ಮಾಡು ಸೋರುವ ಮನೆಯಂತೆ. ಮಳೆ ಬರುವವರೆಗೆ ಮಾತ್ರ ಅದು ಮನೆ.

ಕ್ಲೌಡ್ ಎಂದರೆ ಮೋಡ. ಹೆಸರು ಕೇಳಿ ಪತ್ರಗಳು ಆಕಾಶದಲ್ಲಿ ತೇಲುತ್ತಿವೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಅವು ಇರುವುದು ನೆಲದ ಮೇಲೆಯೇ, ದೊಡ್ಡ ಕಟ್ಟಡಗಳಲ್ಲಿ ಸಾಲುಸಾಲಾಗಿ ಜೋಡಿಸಿದ ಯಂತ್ರಗಳಲ್ಲಿ. ಒಂದು ಯಂತ್ರ ಕೆಟ್ಟರೆ ಕೆಲಸ ನಿಲ್ಲದಿರಲೆಂದು ಒಂದೊಂದು ಪೆಟ್ಟಿಗೆಗೂ ಹಲವು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಇಟ್ಟಿರುತ್ತಾರೆ. ನಮ್ಮವರಿಗೆ ಮೋಡಕ್ಕಿಂತಲೂ ಜಲಾಶಯದ ಹೋಲಿಕೆಯೇ ಹೆಚ್ಚು ಒಪ್ಪುವಂತಹುದು. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಅಲ್ಲಲ್ಲಿ ಒಡ್ಡು ಕಟ್ಟಿ ಕಾಲುವೆಗಳನ್ನು ತೆಗೆದಿದ್ದರು. ಹಂಪಿಯ ಅವಶೇಷಗಳ ನಡುವೆ ಹರಿಯುವ ತುರ್ತು ಕಾಲುವೆ ಅಂತಹುದೊಂದು. ರಾಯ ಕಾಲುವೆ, ಬಸವಣ್ಣ ಕಾಲುವೆಗಳಿಗೆ ವಲ್ಲಭಾಪುರದ ಒಡ್ಡಿನಿಂದ ನೀರು ಬರುತ್ತಿದ್ದಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾದಾಗ ಆ ಒಡ್ಡು ಜಲಾಶಯದ ತಳ ಸೇರಿತು. ಅಂದಿನಿಂದ ಆ ಹಳೆಯ ಕಾಲುವೆಗಳು ಜಲಾಶಯದಿಂದಲೇ ನೀರು ಪಡೆಯುತ್ತಿವೆ. ಗದ್ದೆ ಅದೇ, ಕಾಲುವೆ ಅದೇ, ನದಿಯೂ ಅದೇ. ತೂಬಿನ ಕೀಲಿ ಮಾತ್ರ ಬೇರೆಯ ಕೈಗೆ ಹೋಯಿತು. ಯಾವ ಗದ್ದೆಗೆ ಯಾವಾಗ ಸರದಿ ಎಂಬುದನ್ನು ಹೇಳುವ ಪಟ್ಟಿ ಯಾರ ಬಳಿ ಇರಬೇಕೆಂಬುದು ಅಲ್ಲಿ ಬೇರೆಯೇ ಪ್ರಶ್ನೆ. ನೀರು ಹರಿಯುವುದಕ್ಕೂ ಸರದಿ ಬರೆಯುವುದಕ್ಕೂ ಇರುವ ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡು ಹೊಸಪೇಟೆಯ ಕಚೇರಿಗೆ ಮರಳೋಣ.

ಸಂಸ್ಥೆಗಳು ಕ್ಲೌಡಿಗೆ ಹೋಗುವಾಗ ದಫ್ತರವನ್ನು ಒಮ್ಮೆಗೇ ಬಿಟ್ಟುಹೋಗುವುದಿಲ್ಲ. ಅದರ ಅವಶ್ಯಕತೆ ಪತ್ರಗಳಿಗೆ ಮಾತ್ರವಲ್ಲ. ಪ್ರಯೋಗಶಾಲೆಯ ಗಣಕಗಳನ್ನು ಯಾರು ತೆರೆಯಬಹುದೆಂಬುದನ್ನೂ ಅದೇ ಹೇಳುತ್ತದೆ. ಆದುದರಿಂದ ದಫ್ತರದ ಮೂಲಪ್ರತಿಯನ್ನು ಆವರಣದಲ್ಲಿಯೇ ಇಟ್ಟುಕೊಂಡು, ಅದರ ನಕಲನ್ನು ಕ್ಲೌಡಿಗೆ ಕಳುಹಿಸುತ್ತಾರೆ. ಮೂಲದಲ್ಲಿ ಆದ ಬದಲಾವಣೆಗಳನ್ನು ನಕಲಿಗೆ ಒಯ್ಯುವ ದೂತನೊಬ್ಬನಿದ್ದಾನೆ. ಮೈಕ್ರೋಸಾಫ್ಟ್ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ 30 ನಿಮಿಷಕ್ಕೊಮ್ಮೆ ಈ ದೂತನು ಹೊರಡುತ್ತಾನೆ. ಹೀಗೆ ಬಂದ ಪ್ರತಿಯೊಂದು ಹೆಸರಿಗೂ ಕ್ಲೌಡಿನಲ್ಲಿ, ಇದರ ಮೂಲ ಬೇರೆಡೆ ಇದೆ ಎಂಬ ಗುರುತು ಇರುತ್ತದೆ. ಗುರುತುಳ್ಳ ಹೆಸರಿನ ವಿವರಗಳನ್ನು ಕ್ಲೌಡಿನಲ್ಲಿ ತಿದ್ದಲು ಹೋದರೆ ಅದು ಒಪ್ಪುವುದಿಲ್ಲ.

ಎರಡು ಕಡೆಯಲ್ಲಿಯೂ ತಿದ್ದಲು ಏಕೆ ಬಿಡಬಾರದು ಎಂದು ಕೇಳಬಹುದು. ಒಂದು ದೃಷ್ಟಾಂತ ನೋಡೋಣ. ವಿದ್ಯಾರ್ಥಿವೇತನದ ಪತ್ರಗಳು ಸಂಡೂರಿನವರಿಗೆ ಹೋಗಲಿ ಎಂದು ಹೊಸಪೇಟೆಯಲ್ಲಿ ಹತ್ತು ಗಂಟೆಗೆ ಬರೆದರು. ಹತ್ತು ಗಂಟೆ ಹತ್ತು ನಿಮಿಷಕ್ಕೆ ಮತ್ತೊಬ್ಬರು ಕ್ಲೌಡಿನಲ್ಲಿ, ಕಂಪ್ಲಿಯವರಿಗೆ ಹೋಗಲಿ ಎಂದು ಬರೆದರು. ಹತ್ತೂವರೆಗೆ ದೂತನು ಬಂದು ಎರಡನ್ನೂ ಹೋಲಿಸುತ್ತಾನೆ. ಯಾವುದು ಸರಿ? ಕೊನೆಯಲ್ಲಿ ಬರೆದದ್ದು ಸರಿಯೆನ್ನೋಣವೆಂದರೆ, ಎರಡು ಯಂತ್ರಗಳ ಗಡಿಯಾರಗಳು ಒಂದೇ ಹೊತ್ತನ್ನು ತೋರಿಸುತ್ತವೆಂಬ ಭರವಸೆಯೇನು? ಹೊತ್ತು ಸರಿಯಾಗಿದ್ದರೂ, ಮೊದಲು ಬರೆದವರ ಉದ್ದೇಶವು ಅವರಿಗೆ ತಿಳಿಯದಂತೆಯೇ ಅಳಿಸಿಹೋಗುತ್ತದೆ. ಒಂದೇ ರಾಶಿಯನ್ನು ಇಬ್ಬರು ಪ್ರತ್ಯೇಕವಾಗಿ ಅಳೆದು ಬೇರೆ ಬೇರೆ ಉತ್ತರ ಬರೆದಿಟ್ಟಂತೆ ಆಗುತ್ತದೆ. ಈ ಗೊಂದಲವೇ ಬೇಡವೆಂದು ವ್ಯವಸ್ಥೆಯನ್ನು ರಚಿಸಿದವರು ಒಂದು ಸರಳ ನಿಯಮವನ್ನು ಮಾಡಿದರು: ಒಂದು ವಿವರಕ್ಕೆ ಒಬ್ಬನೇ ಯಜಮಾನ. ತಿದ್ದುವವನು ಯಜಮಾನ, ಉಳಿದವರು ನಕಲು ಮಾಡಿಕೊಳ್ಳುವವರು.

ನಿಯಮವೇನೋ ಸೊಗಸಾದದ್ದು. ಆದರೆ ಯಜಮಾನನು ತೀರಿಕೊಂಡರೆ? ನಮ್ಮ ಸಂಸ್ಥೆಯಲ್ಲಿ ಆದದ್ದು ಇದೇ. ಭಂಡಾರವೂ ದಫ್ತರವೂ ಒಂದೇ ಯಂತ್ರದಲ್ಲಿದ್ದವು. ಪತ್ರಗಳು ಹೋದವೆಂದು ಯಂತ್ರವನ್ನು ಆರಿಸಿದರು. ದಫ್ತರದ ಯಜಮಾನಿಕೆಯನ್ನು ಕ್ಲೌಡಿಗೆ ವಹಿಸಿಕೊಡಲಿಲ್ಲ. ದೂತನು ಬರುವುದು ನಿಂತಿತು, ಗುರುತು ಮಾತ್ರ ಹಾಗೆಯೇ ಉಳಿಯಿತು. ಕ್ಲೌಡು ಪ್ರಾಮಾಣಿಕನಾದ ಕಾರಕೂನನಂತೆ, ಎಂದಿಗೂ ಬಾರದ ಯಜಮಾನನ ಸಹಿಗಾಗಿ ಕಾದು ಕುಳಿತಿತ್ತು. ಎಲ್ಲ ಹೆಸರುಗಳೂ ಯಂತ್ರ ಆರಿದ ದಿನ ಇದ್ದ ಸ್ಥಿತಿಯಲ್ಲಿಯೇ ಹೆಪ್ಪುಗಟ್ಟಿದ್ದವು. ಎರಡು ತಿಂಗಳು ಯಾರಿಗೂ ಇದು ಗೊತ್ತಾಗದಿದ್ದುದು ಏಕೆಂದರೆ, ಆ ಎರಡು ತಿಂಗಳಲ್ಲಿ ಯಾರೂ ನಿವೃತ್ತರಾಗಲಿಲ್ಲ.

ಹಾಗಾದರೆ ಸರಿಯಾದ ಮಾರ್ಗ ಯಾವುದು? ಇಂದು ಮೂರು ಮಾರ್ಗಗಳಿವೆ.

ಮೊದಲನೆಯದು, ದಫ್ತರವನ್ನು ಆವರಣದಲ್ಲಿಯೇ ಇಟ್ಟುಕೊಳ್ಳುವುದು. ಬಹುಕಾಲ ಇದಕ್ಕಾಗಿ ಪತ್ರವೊಂದೂ ಇಲ್ಲದ ಅಂಚೆ ಸರ್ವರನ್ನೂ ಓಡಿಸುತ್ತಿರಬೇಕಾಗಿದ್ದಿತು. ದಫ್ತರದಲ್ಲಿನ ಅಂಚೆಯ ವಿವರಗಳನ್ನು ತಿದ್ದುವ ಅಧಿಕೃತ ಉಪಕರಣ ಅದೊಂದೇ ಆಗಿತ್ತು. 2022ರ ಏಪ್ರಿಲ್‌ನಲ್ಲಿ ಹೊರಬಂದ ಪರಿಷ್ಕರಣದ ಬಳಿಕ ಆ ಕೊನೆಯ ಅಂಚೆ ಸರ್ವರನ್ನು ಆರಿಸಿ, ತಿದ್ದುವ ಉಪಕರಣಗಳನ್ನು ಮಾತ್ರ ಬೇರೆ ಗಣಕದಲ್ಲಿ ಇಟ್ಟುಕೊಳ್ಳಲು ಸಾಧ್ಯವಾಯಿತು.

ಎರಡನೆಯದು, ಯಜಮಾನಿಕೆಯನ್ನು ಹಂಚಿಕೊಳ್ಳುವುದು. ಗಣಕಗಳನ್ನು ತೆರೆಯುವ ಅಧಿಕಾರ ಮೊದಲಾದವು ಆವರಣದ ದಫ್ತರದಲ್ಲಿಯೇ ಇರಲಿ. ಅಂಚೆಗೆ ಸಂಬಂಧಿಸಿದ ವಿವರಗಳ ಮಟ್ಟಿಗೆ ಮಾತ್ರ ಕ್ಲೌಡೇ ಯಜಮಾನನಾಗಲಿ ಎಂದು ಒಂದೊಂದು ಪೆಟ್ಟಿಗೆಗೂ ಪ್ರತ್ಯೇಕವಾಗಿ ಹೇಳುವ ಸೌಕರ್ಯವನ್ನು 2025ರಲ್ಲಿ ಮೈಕ್ರೋಸಾಫ್ಟ್ ಒದಗಿಸಿತು. ಒಂದು ವಿವರಕ್ಕೆ ಒಬ್ಬನೇ ಯಜಮಾನನೆಂಬ ನಿಯಮ ಇಲ್ಲಿಯೂ ಮುರಿಯುವುದಿಲ್ಲವೆಂಬುದನ್ನು ಗಮನಿಸಬೇಕು. ವಿವರಗಳನ್ನು ಪಾಲು ಮಾಡಿದ್ದಾರೆ, ಅಷ್ಟೆ.

ಮೂರನೆಯದು, ದಫ್ತರವನ್ನು ಪೂರ್ಣವಾಗಿ ಕ್ಲೌಡಿಗೆ ಬಿಟ್ಟುಕೊಡುವುದು. ಸಣ್ಣ ಸಂಸ್ಥೆಗೆ ಇದೇ ಲೇಸು. ಆದರೆ ಕ್ರಮ ತಪ್ಪಬಾರದು. ಇನ್ನು ಮುಂದೆ ದೂತನು ಬರುವುದಿಲ್ಲ, ನೀನೇ ಯಜಮಾನ ಎಂದು ಕ್ಲೌಡಿಗೆ ಮೊದಲು ಆಜ್ಞೆ ಕೊಡಬೇಕು. ಹೆಸರುಗಳ ಮೇಲಿನ ಗುರುತುಗಳೆಲ್ಲ ಕಳಚುವುದಕ್ಕೆ 72 ಗಂಟೆಗಳವರೆಗೂ ಹಿಡಿಯಬಹುದು. ಅನಂತರ ಒಂದು ಹೆಸರನ್ನು ತಿದ್ದಿ ನೋಡಬೇಕು. ತಿದ್ದುಪಡಿ ನಿಂತರೆ ಆಮೇಲೆ ಯಂತ್ರವನ್ನು ಆರಿಸಬೇಕು. ನಮ್ಮ ಸಂಸ್ಥೆಯವರು ಕೊನೆಯ ಕೆಲಸವನ್ನು ಮೊದಲು ಮಾಡಿದ್ದರು. ಮೊದಲ ಕೆಲಸವನ್ನು ಮಾಡಿಯೇ ಇರಲಿಲ್ಲ.

ಪೆಟ್ಟಿಗೆಗಳು ಕ್ಲೌಡಿನಲ್ಲಿ ನೆಲೆಸಿದ ಬಳಿಕವೂ ಅವನ್ನು ನೋಡಿಕೊಳ್ಳುವ ಕೆಲಸ ಮುಗಿಯುವುದಿಲ್ಲ. ಯಂತ್ರದ ಚಾಕರಿ ತಪ್ಪುತ್ತದೆ, ಹೆಸರುಗಳ ಚಾಕರಿ ತಪ್ಪುವುದಿಲ್ಲ. ನೌಕರರೊಬ್ಬರು ಹೋದಾಗ ಅವರ ಖಾತೆಯನ್ನು ಅಳಿಸಿದರೆ, ಮೈಕ್ರೋಸಾಫ್ಟ್ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ 30 ದಿನ, ಗೂಗಲ್ ವ್ಯವಸ್ಥೆಯಲ್ಲಿ 20 ದಿನ ಕಳೆಯುವವರೆಗೆ ಅದನ್ನು ಮರಳಿ ಪಡೆಯಬಹುದು, ಆಮೇಲೆ ಇಲ್ಲ. ಹಳೆಯ ಯಂತ್ರವು ಕೋಣೆಯಲ್ಲಿದ್ದಾಗ, ಬೇಕಾದರೆ ತೆರೆದು ನೋಡೋಣ ಎಂಬ ಧೈರ್ಯವಿರುತ್ತಿತ್ತು. ಇಲ್ಲಿ ದಿನಗಳನ್ನು ಎಣಿಸಬೇಕಾಗುತ್ತದೆ. ಹುದ್ದೆಗೆ ಬರುವ ಪತ್ರಗಳನ್ನು ವ್ಯಕ್ತಿಯ ಪೆಟ್ಟಿಗೆಗೆ ಕಟ್ಟಿಹಾಕದೆ, ಇಬ್ಬರು ಮೂವರು ಸೇರಿ ನೋಡುವ ಪೆಟ್ಟಿಗೆಯಲ್ಲಿ ಇರಿಸುವುದೇ ವಿವೇಕ.

ಸ್ಥಳಕ್ಕೂ ಮಿತಿಯಿದೆ. ತುಂಗಭದ್ರಾ ಜಲಾಶಯವು ಮೊದಲಿಗೆ ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿದ್ದಿತು, ಹೂಳು ತುಂಬಿ ಆ ಪ್ರಮಾಣ ಸುಮಾರು 105ಕ್ಕೆ ಇಳಿದಿದೆ. ಅಂಚೆಪೆಟ್ಟಿಗೆಗಳ ಹೂಳೆಂದರೆ ಯಾರೂ ತೆರೆಯದ ಹಳೆಯ ಪತ್ರಗಳು, ಬಿಟ್ಟುಹೋದವರ ಖಾತೆಗಳು. ವಿದ್ಯಾಸಂಸ್ಥೆಗಳಿಗೆ ಗೂಗಲ್ ಮೊದಲು ಮಿತಿಯಿಲ್ಲದ ಸ್ಥಳವನ್ನು ಉಚಿತವಾಗಿ ಕೊಡುತ್ತಿತ್ತು. 2022ರ ಜುಲೈಯಿಂದ ಹಳೆಯ ಸಂಸ್ಥೆಗಳಿಗೂ ಇಡೀ ಸಂಸ್ಥೆಗೆ 100 ಟೆರಾಬೈಟ್ ಎಂದು ಮಿತಿ ಹಾಕಿತು. ಐದು ಸಾವಿರ ಮಂದಿಯಿರುವ ಸಂಸ್ಥೆಯಲ್ಲಿ ಇದನ್ನು ಸಮವಾಗಿ ಹಂಚಿದರೆ ತಲೆಗೆ 20 ಗಿಗಾಬೈಟ್ ಆಗುತ್ತದೆ. ಉಚಿತವೆಂದು ಒಪ್ಪಿಕೊಂಡದ್ದರ ಕರಾರನ್ನು ಬದಲಿಸುವ ಹಕ್ಕು ಕೊಡುವವರದೇ ಎಂಬುದನ್ನು ಹಲವು ಕಾಲೇಜುಗಳು ಆಗ ಕಲಿತವು.

ಇನ್ನು ತೂಬಿನ ಕೀಲಿಯ ಮಾತು. ಕೇಂದ್ರ ಸರ್ಕಾರದ ನೌಕರರ ಇ-ಮೇಲ್ ವ್ಯವಸ್ಥೆಯನ್ನು ಹಿಂದೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವೇ, ಎಂದರೆ ಎನ್.ಐ.ಸಿ.ಯೇ, ತನ್ನ ಯಂತ್ರಗಳಲ್ಲಿ ನಡೆಸುತ್ತಿದ್ದಿತು. 2023ರಲ್ಲಿ ಈ ಕಾರ್ಯದ ಏಳು ವರ್ಷಗಳ ಗುತ್ತಿಗೆಯನ್ನು ತಮಿಳುನಾಡಿನ ಜೋಹೋ ಸಂಸ್ಥೆ ಪಡೆಯಿತು. 2025ರ ವೇಳೆಗೆ ಸುಮಾರು 12 ಲಕ್ಷ ನೌಕರರ ಖಾತೆಗಳು ಅಲ್ಲಿಗೆ ಸಾಗಿದ್ದವು. ಪೆಟ್ಟಿಗೆಗಳು ಬೇರೆಡೆ ಹೋದರೂ ವಿಳಾಸದ ಬಲಭಾಗವಾದ ‘ಗವ್ ಡಾಟ್ ಇನ್’, ‘ನಿಕ್ ಡಾಟ್ ಇನ್’ ಎಂಬ ಡೊಮೈನುಗಳು ಸರ್ಕಾರದ ಬಳಿಯೇ ಉಳಿದವು. ಇದು ಸಣ್ಣ ವಿಷಯವಲ್ಲ. ಡೊಮೈನು ನಮ್ಮದಾಗಿದ್ದರೆ, ಹೆಸರುಗಳ ಕೋಶದಲ್ಲಿ ಒಂದು ಸಾಲು ತಿದ್ದಿ ನಾಳೆ ಬೇರೊಬ್ಬರ ಬಳಿಗೆ ಹೋಗಬಹುದು.

ಹೋಗಬೇಕಾದ ಪ್ರಸಂಗ ಬರುವುದುಂಟೆ? 2025ರ ಜುಲೈಯಲ್ಲಿ, ಗುಜರಾತಿನಲ್ಲಿ ತೈಲ ಶುದ್ಧೀಕರಣಾಗಾರವನ್ನುಳ್ಳ ನಯಾರಾ ಎನರ್ಜಿ ಸಂಸ್ಥೆಯ ಮೇಲೆ ಯೂರೋಪಿನ ಒಕ್ಕೂಟವು ನಿರ್ಬಂಧ ವಿಧಿಸಿದ ಬಳಿಕ, ಮೈಕ್ರೋಸಾಫ್ಟ್ ಅದಕ್ಕೆ ಒದಗಿಸುತ್ತಿದ್ದ ಇ-ಮೇಲ್ ಮೊದಲಾದ ಸೇವೆಗಳನ್ನು ನಿಲ್ಲಿಸಿತು. ಸಂಸ್ಥೆಯು ದಿಲ್ಲಿಯ ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಕೆಲವೇ ದಿನಗಳಲ್ಲಿ ಸೇವೆ ಮರಳಿತು. ನ್ಯಾಯ ಯಾರ ಕಡೆಗಿತ್ತೆಂಬ ಚರ್ಚೆ ಇಲ್ಲಿ ಬೇಡ. ತನ್ನ ಪತ್ರಗಳ ತೂಬನ್ನು ಮತ್ತೊಬ್ಬರು ಮುಚ್ಚಬಲ್ಲರೆಂಬುದು ಆ ದಿನಗಳಲ್ಲಿ ಒಂದು ದೊಡ್ಡ ಸಂಸ್ಥೆಯ ಅನುಭವಕ್ಕೆ ಬಂದಿತು.

2024ರ ಆಗಸ್ಟ್ 10ರ ರಾತ್ರಿ ನಮ್ಮ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋದುದನ್ನು ಈ ಭಾಗದ ವಾಚಕರು ಮರೆತಿರಲಾರರು. ಹರಿವ ನೀರಿನಲ್ಲಿಯೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಇಳಿಸಿ ಒಂದು ವಾರದಲ್ಲಿ ಅದನ್ನು ತಡೆದರು. ಅಷ್ಟರೊಳಗೆ ಬಹಳ ನೀರು ಹೋಗಿದ್ದಿತು. ದೊಡ್ಡ ಜಲಾಶಯವೆಂದರೆ ಕೆಡದ ಜಲಾಶಯವೆಂದಲ್ಲ. ಕೆಟ್ಟಾಗ ಇಳಿಸುವ ತುಂಡುಗಳು ಸಿದ್ಧವಾಗಿರಬೇಕು. ಅಂಚೆಯ ಮಟ್ಟಿಗೆ ಆ ತುಂಡುಗಳೆಂದರೆ ಡೊಮೈನು ಸಂಸ್ಥೆಯ ಹೆಸರಿನಲ್ಲಿಯೇ ಇರುವುದು, ಮುಖ್ಯ ಪತ್ರಗಳ ಒಂದು ಪ್ರತಿ ತಮ್ಮ ಬಳಿಯೂ ಇರುವುದು, ಆಡಳಿತದ ಕೀಲಿಯು ಒಬ್ಬರಲ್ಲಿ ಮಾತ್ರವಲ್ಲದೆ ಇಬ್ಬರಲ್ಲಿ ಇರುವುದು. ಇವುಗಳೊಡನೆ ದಫ್ತರದ ಯಜಮಾನ ಯಾರೆಂಬುದು ಎಲ್ಲರಿಗೂ ತಿಳಿದಿರುವುದು.

ನಮ್ಮ ಕಥೆ ಹೀಗೆ ಮುಗಿಯಿತು. ದೂತನನ್ನು ನಿಲ್ಲಿಸುವ ಆಜ್ಞೆಯನ್ನು ಕ್ಲೌಡಿಗೆ ಕೊಡಿಸಿ ಕಾದೆವು. ಮೂರನೆಯ ದಿನ ಬೆಳಿಗ್ಗೆ ಗುರುತುಗಳು ಕಳಚಿದವು. ನಿವೃತ್ತರ ಹೆಸರನ್ನು ತೆಗೆದು ಹೊಸಬರ ಹೆಸರನ್ನು ಬರೆದೆವು. ಹಳೆಯ ಪೆಟ್ಟಿಗೆಯಲ್ಲಿದ್ದ ಎರಡು ಸೂಚನೆಗಳನ್ನು ಅಂದೇ ಓದಿದರು. ಒಬ್ಬ ವಿದ್ಯಾರ್ಥಿಯ ಗಡುವಿಗೆ ಇನ್ನೂ ಒಂದು ದಿನವಿದ್ದಿತು. ಅವನ ಖಾತೆಯ ಸಂಖ್ಯೆಯನ್ನು ಸರಿಪಡಿಸಿದರು. ಮತ್ತೊಬ್ಬಳ ಗಡುವು ಹಿಂದಿನ ವಾರವೇ ಕಳೆದಿತ್ತು. ಆಕೆ ಮುಂದಿನ ವರ್ಷ ಹೊಸದಾಗಿ ಅರ್ಜಿ ಹಾಕಿ ವೇತನ ಪಡೆದಳು. ಕಳೆದ ವರ್ಷದ ಹಣ ಮಾತ್ರ ಬರಲಿಲ್ಲ.